ನಿಮ್ಮ ಸಹ್ಯಾದ್ರಿ ಲೇಖನದ ಬಗ್ಗೆ

ನಮಸ್ಕಾರ,

ಸಹ್ಯಾದ್ರಿಯ ನಿಸರ್ಗ ಮತ್ತು ಪರಂಪರೆ ಕುರಿತು ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದನ್ನು ಕೈಬಿಡಲು ನನಗೆ ಮನಸ್ಸಿಲ್ಲ.

ಮೊದಲ ಮೂರು ಪ್ಯಾರಾ ತೆಗೆದುಬಿಡಿ. ‘ಹಸಿರು ಸೀರೆ ಉಟ್ಟ ವನದೇವಿ’, ‘ಮುಗಿಲಿಗೆ ಮುತ್ತಿಡುವ ಶಿಖರ’ ಇವನ್ನೆಲ್ಲ ಯಾವ ಬೆಟ್ಟಕ್ಕೆ ಬೇಕಾದರೂ ಹೇಳಬಹುದು, ಅಲ್ವಾ? ಸಹ್ಯಾದ್ರಿ ಹಿಮಾಲಯದ ಜೊತೆ ಹುಟ್ಟಿತು ಎಂದಿದ್ದೀರಿ. ಅದು ತಪ್ಪು, ಸಹ್ಯಾದ್ರಿ ಹಿಮಾಲಯಕ್ಕಿಂತ ಹಳೆಯದು.

ಇನ್ನೊಂದು ತಪ್ಪು ನನಗೆ ಜಾಸ್ತಿ ಬೇಜಾರು ಮಾಡಿತು. ಕುದುರೆಮುಖದ ಹುಲ್ಲುಗಾವಲನ್ನು ‘ಕಾಡು ಕಡಿದು ಬೋಳಾದ ಗುಡ್ಡ’ ಎಂದು ಬರೆದಿದ್ದೀರಿ. ಇಳಿಜಾರಿನಲ್ಲಿ ಹುಲ್ಲು, ಕಣಿವೆಯ ಸಂದಿಯಲ್ಲಿ ಶೋಲಾ ಕಾಡು, ಎರಡೂ ಸೇರಿದರೇ ಆ ಬೆಟ್ಟ. ಸುರಿದ ಮಳೆಯನ್ನು ಇವೆರಡೂ ಹಿಡಿದಿಟ್ಟುಕೊಂಡು ನಿಧಾನವಾಗಿ ಹಳ್ಳಗಳಿಗೆ ಬಿಡುತ್ತವೆ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವುದು ಈ ಸಾಲಿನಲ್ಲೇ. ಬೋಳು ಎಂದುಕೊಂಡೇ ಇಂಥ ಕಡೆ ಅಕೇಶಿಯಾ ನೆಟ್ಟದ್ದು. ನಾವೂ ಅದನ್ನೇ ಅಚ್ಚು ಹಾಕುವುದು ಬೇಡ.

ಈಗ ಮುಖ್ಯ ವಿಷಯ. ನಿಮ್ಮ ಲೇಖನ ನಡುವೆ ಮುರಿದಿದೆ. ಮೊದಲರ್ಧ ಬರೀ ಕಾಡು, ಉಳಿದರ್ಧ ಬರೀ ಕೋಟೆ, ಬಸದಿ. ಬೆಟ್ಟಕ್ಕೂ ಅಲ್ಲಿ ಬದುಕಿದವರಿಗೂ ಸಂಬಂಧವೇ ಇಲ್ಲವೇನೋ ಅನ್ನಿಸುತ್ತದೆ. ಆದರೆ ಆ ಸಂಬಂಧ ನಿಮ್ಮ ಕೈಯಲ್ಲೇ ಇದೆ. ಕತ್ತಲೆಕಾನು ಎಂಬ ಕಾಡಿನ ಜೌಗಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೀರಲ್ಲ, ರಾಮಪತ್ರೆ ಜಾತಿಯ ಮರಗಳ ಬೇರು ಮೊಣಕಾಲು ಮಡಚಿದ ಹಾಗೆ ಕೆಸರಿನಿಂದ ಮೇಲೆದ್ದು ಉಸಿರಾಡುತ್ತವೆ ಅಂತ, ಇಡೀ ಲೇಖನದಲ್ಲಿ ನನ್ನನ್ನು ನಿಲ್ಲಿಸಿದ್ದು ಅದು. ಅಲ್ಲಿಂದ ಘಾಟಿ ಇಳಿದರೆ ಗೇರುಸೊಪ್ಪೆ. ಇಂಥ ಕಾನುಗಳಲ್ಲೇ, ಅಂದರೆ ದಟ್ಟ ಕಾಡುಗಳಲ್ಲೇ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಆ ಮೆಣಸು ಹೊನ್ನಾವರದ ಕಡಲಿಗೆ ಹೋಯಿತು. 16ನೇ ಶತಮಾನದಲ್ಲಿ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದೇ ಕರೆದರು. ಅದೇ ಗೇರುಸೊಪ್ಪೆಯ, ಶರಾವತಿ ದಡದ ಚತುರ್ಮುಖ ಬಸದಿಯನ್ನು ನೀವು ‘ಶಿಲ್ಪಕಲೆಯ ಅದ್ಭುತ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಆ ಊರಿನ ಸಿರಿ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಿ, ಮತ್ತೆ ಕಾನಿಗೇ ಬಂದು ನಿಲ್ಲುತ್ತೀರಿ.

ಯಾಣ, ಕವಲೇದುರ್ಗ ಎರಡನ್ನೂ ಬಿಡಿ. ಸುಮ್ನೆ ಹೆಸರು ಹೇಳಿ ಹೋಗುವ ಜಾಗಗಳಲ್ಲ ಅವು. ಕತ್ತಲೆಕಾನಿನಿಂದ ಬಸದಿವರೆಗಿನ ಒಂದು ಘಾಟಿಯನ್ನಷ್ಟೇ ಬರೆಯಿರಿ. ಬಸದಿಗೆ ನಾಲ್ಕು ಕಡೆಯೂ ಬಾಗಿಲು. ನೀವು ಯಾವ ಕಡೆಯಿಂದ ಒಳಗೆ ಹೋದಿರಿ, ಅಲ್ಲಿಂದ ಏನು ಕಂಡಿತು, ಅದು ನನಗೆ ಬೇಕು.

ತಿದ್ದಿ ಕಳಿಸಿ. ಮಳೆಗಾಲದ ಸಂಚಿಕೆಯಲ್ಲಿ ಇದಕ್ಕೆ ಜಾಗ ಇಟ್ಟಿರುತ್ತೇನೆ.