ಬಸ್ ಸಿಕ್ತು

ಓದುಗರ ಪತ್ರ:

"ಮಗ ಹೊಸ ಸ್ಮಾರ್ಟ್‌ಫೋನ್ ಕೊಡಿಸಿದ. ನನ್ನ ಹಳೆಯ ನೋಕಿಯಾ 1100 ನೋಡಿ ಅಂಗಡಿಯವನು ನಕ್ಕ. 'ಇದಕ್ಕೇನೂ ಬರಲ್ಲಮ್ಮ, ಇಲ್ಲೇ ಬಿಟ್ಟೋಗಿ, ಹೊಸದಕ್ಕೊಂದು ಕವರ್ ಫ್ರೀ ಹಾಕಿಕೊಡ್ತೀನಿ' ಅಂದ. ನಾನು ಅವನ ಕೈಯಿಂದ ಕಿತ್ತುಕೊಂಡು ಬಂದೆ. ನಮ್ಮೆಜಮಾನರು ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದರು. ಪ್ರತಿ ಶನಿವಾರ ಊರಿಗೆ ಹೊರಟಾಗ 'ಬಸ್ ಸಿಕ್ತು' ಅಂತ ಮೆಸೇಜ್ ಮಾಡುತ್ತಿದ್ದರು. ಅಂಥವು ಹನ್ನೊಂದು ಇನ್ನೂ ಅದರಲ್ಲಿವೆ. ಅವರು ಹೋಗಿ ಒಂಬತ್ತು ವರ್ಷವಾಯಿತು. 'ಫೋಟೋ ತೆಗೆದುಕೊಡ್ತೀನಿ, ಆ ಡಬ್ಬ ಯಾಕೆ' ಅನ್ನುತ್ತಾನೆ ಮಗ. ಫೋನ್ ಈಗ ಹೊಲಿಗೆ ಮಷೀನಿನ ಡ್ರಾದಲ್ಲಿದೆ. ಇಂಥ ಕ್ಷುಲ್ಲಕ ವಿಷಯಕ್ಕೆ ಬರೆದೆ, ಕ್ಷಮಿಸಿ. ಹೀಗೆ ಅಂಟಿಕೊಳ್ಳೋದು ಹುಚ್ಚಲ್ವಾ?"
— ನಿವೃತ್ತ ಶಿಕ್ಷಕಿ, ದಾವಣಗೆರೆ

ಸಂಪಾದಕರ ಉತ್ತರ:

ಟೀಚರ್, ಮೊದಲು ನಿಮಗೆ ಒಂದು ಮಾತು ಬೈಯಬೇಕು. ಎರಡು ಪುಟದ ಪತ್ರದಲ್ಲಿ ಮೂರು ಸಲ ಕ್ಷಮೆ ಕೇಳಿದ್ದೀರಿ. ಜಾಗ ಸಾಲದೆ ಇಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ. ತಪ್ಪೇ ಮಾಡದ ಹುಡುಗ ಎದ್ದು ನಿಂತು ಕ್ಷಮೆ ಕೇಳಿದರೆ ನೀವು ತರಗತಿಯಲ್ಲಿ ಏನು ಹೇಳುತ್ತಿದ್ದಿರಿ? ಕೂತ್ಕೋ ಅನ್ನುತ್ತಿದ್ದಿರಿ, ಅಲ್ವಾ? ಕೂತ್ಕೊಳ್ಳಿ.

ನಿಮ್ಮ ಮಗ ಹೇಳಿದ್ದರಲ್ಲಿ ತಪ್ಪೇನಿಲ್ಲ. ಮೊಮ್ಮಕ್ಕಳ ಮುಖ ನೋಡಲು ವಿಡಿಯೊ ಕಾಲ್ ಬೇಕು, ಅದು 1100ರಲ್ಲಿ ಬರುವುದಿಲ್ಲ. ಫೋಟೋ ತೆಗೆದಿಡುವುದೂ ಒಳ್ಳೆಯ ಸಲಹೆಯೇ, ತೆಗೆಸಿಕೊಳ್ಳಿ. ಅವರ ಪಾಲಿನ ನ್ಯಾಯ ಇಲ್ಲಿಗೆ ಮುಗಿಯಿತು.

ಈಗ ನಿಮ್ಮ ಡಬ್ಬದ ವಿಷಯ. 2003ರಲ್ಲಿ ಬಂದ ಆ ಫೋನು ನಮ್ಮಂಥ ಊರುಗಳನ್ನೇ ನೆನೆದು ಮಾಡಿದ್ದು. ಧೂಳು ಒಳಗೆ ಹೋಗದಂತೆ ಕೀಲಿಗಳ ಮೇಲೆ ಒಂದೇ ರಬ್ಬರಿನ ಹೊದಿಕೆ. ತಲೆಯ ಮೇಲೊಂದು ಟಾರ್ಚ್. ಕರೆಂಟ್ ಹೋದಾಗ ಆ ಟಾರ್ಚಿನಲ್ಲಿ ಅನ್ನಕ್ಕೆ ಸಾರು ಬಡಿಸಿದ ಮನೆಗಳು ಎಷ್ಟಿಲ್ಲ! ಪ್ರಪಂಚದಲ್ಲಿ ಇಪ್ಪತ್ತೈದು ಕೋಟಿಗೂ ಜಾಸ್ತಿ ಮಾರಾಟವಾಯಿತು. ಅಷ್ಟು ಮಾರಾಟವಾದದ್ದಕ್ಕೆ ಬೆಲೆಯಿಲ್ಲ ಅಂತ ಅಂಗಡಿಯವನು ಅಂದುಕೊಂಡಿರಬೇಕು. ಆದರೆ ಆ ಹನ್ನೊಂದು ಮೆಸೇಜ್ ಇರುವುದು ಒಂದರಲ್ಲೇ.

ಇನ್ನೊಂದು ಊಹೆ ಮಾಡುತ್ತೇನೆ. ನಿಮ್ಮ ಯಜಮಾನರು 'ಬಸ್ ಸಿಕ್ತು' ಅನ್ನುವುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುತ್ತಾರೆ. ಆಗ ನಾವೆಲ್ಲ ಹಾಗೇ ಬರೆಯುತ್ತಿದ್ದದ್ದು. ನಮ್ಮ ಫೋನುಗಳಿಗೆ ಕನ್ನಡ ಬರುತ್ತಿರಲಿಲ್ಲ, ಯಾರಾದರೂ ಕಳಿಸಿದರೂ ಬರೀ ಚೌಕಗಳು ಕಾಣುತ್ತಿದ್ದವು. ಅಕ್ಷರದ ಲೆಕ್ಕದಲ್ಲೂ ನಮಗೆ ಮೋಸವೇ. ಒಂದು ಎಸ್ಎಂಎಸ್‌ಗೆ ಇಂಗ್ಲಿಷಿನಲ್ಲಾದರೆ 160 ಅಕ್ಷರ, ಕನ್ನಡದಲ್ಲಾದರೆ 70. ಅದರಲ್ಲಿ ಒತ್ತು, ದೀರ್ಘಗಳಿಗೂ ಬೇರೆ ಲೆಕ್ಕ! ಹಬ್ಬದ ದಿನ ಕಡಿಮೆ ದರದ ಮೆಸೇಜ್ ಪ್ಯಾಕ್ ನಡೆಯುತ್ತಿರಲಿಲ್ಲ, ಶುಭಾಶಯವನ್ನು ಹಿಂದಿನ ದಿನವೇ ಕಳಿಸಿ ಕೈತೊಳೆದುಕೊಳ್ಳುತ್ತಿದ್ದೆವು. ಇಷ್ಟೆಲ್ಲ ಲೆಕ್ಕಾಚಾರದ ನಡುವೆ ಒಬ್ಬರು ಬಸ್ ಸ್ಟ್ಯಾಂಡಿನ ನೂಕುನುಗ್ಗಲಲ್ಲಿ ನಿಂತು, ಒಂದೊಂದು ಕೀಲಿಯನ್ನು ಎರಡು ಮೂರು ಸಲ ಒತ್ತಿ ಅದನ್ನು ಬರೆದಿದ್ದಾರೆ. ಅದೂ ಪ್ರತಿ ಶನಿವಾರ. ಫೋಟೋದಲ್ಲಿ ಆ ಮಾತು ಬರುತ್ತದೆ. ಅವರು ಒತ್ತಿದ ಮಾತು ನಿಮ್ಮ ಕೈಯಲ್ಲಿ ಗುಂಯ್ ಎಂದಿದ್ದು ಈ ಡಬ್ಬದಲ್ಲಿ.

ನನಗೆ ಅರ್ಥವಾಗದ ಒಂದು ಸಂಗತಿ ಇದೆ. ನಮ್ಮ ತಂದೆಯ ಎಚ್‌ಎಂಟಿ ಜನತಾ ವಾಚು ನನ್ನ ಕೈಯಲ್ಲಿದೆ. ದಿನಾ ಬೆಳಿಗ್ಗೆ ಕೀ ಕೊಡುತ್ತೇನೆ. ನೋಡಿದವರೆಲ್ಲ 'ಆಹಾ' ಅನ್ನುತ್ತಾರೆ. ಬೆಂಗಳೂರಿನಲ್ಲಿ 1961ರಲ್ಲಿ ಶುರುವಾದ ವಾಚು ಕಾರ್ಖಾನೆಯ ಕತೆಯನ್ನು ಅವರೇ ನನಗೆ ಹೇಳುತ್ತಾರೆ. ಅಪ್ಪನ ವಾಚು ಕಟ್ಟಿಕೊಂಡರೆ ಅದು ಅಭಿಮಾನ, ಗಂಡನ ಮೆಸೇಜಿರುವ ಫೋನು ಇಟ್ಟುಕೊಂಡರೆ ಹುಚ್ಚು! ಇದ್ಯಾವ ನ್ಯಾಯ? ನನ್ನ ವಾಚು ನಿಂತರೆ ಬಿಚ್ಚಿ ಎಣ್ಣೆ ಬಿಡುವವರು ಇನ್ನೂ ಇದ್ದಾರೆ. ಫೋನನ್ನು ಮಾತ್ರ ಎರಡು ವರ್ಷಕ್ಕೆ ಸಾಯಲೆಂದೇ ಹುಟ್ಟಿದ್ದು ಅಂತ ನಮಗೆ ಯಾರೋ ಕಲಿಸಿಬಿಟ್ಟಿದ್ದಾರೆ. ನಾವೂ ಜಾಣ ಮಕ್ಕಳಂತೆ ಕಲಿತಿದ್ದೇವೆ.

ನನ್ನ ಸಂಕಟವೊಂದನ್ನು ಹೇಳಿಕೊಳ್ಳುತ್ತೇನೆ. ಈ ಪತ್ರಿಕೆ ಮೊದಲು ಸೀಸದ ಅಚ್ಚುಮೊಳೆಗಳನ್ನು ಅಕ್ಷರ ಅಕ್ಷರವಾಗಿ ಜೋಡಿಸಿ ಅಚ್ಚಾಗುತ್ತಿತ್ತು. ಆಯುಧ ಪೂಜೆಯ ದಿನ ಅಚ್ಚು ಹಾಕುವ ಟ್ರೆಡಲ್ ಮಷೀನಿಗೆ ಕುಂಕುಮ ಇಟ್ಟು, ಚೆಂಡು ಹೂವಿನ ಹಾರ ಹಾಕಿ, ಬೂದುಗುಂಬಳ ಒಡೆಯುತ್ತಿದ್ದೆವು. ಆಫ್‌ಸೆಟ್ ಮುದ್ರಣ ಬಂತು. ಮಷೀನನ್ನು ತೂಕಕ್ಕೆ ಹಾಕಿದೆವು, ಮೊಳೆಯ ಸೀಸವನ್ನೂ ತೂಕಕ್ಕೇ. ನಾನೇ ಮುಂದೆ ನಿಂತು ತೂಗಿಸಿದೆ. ಮುಂದಿನ ವರ್ಷ ಆಯುಧ ಪೂಜೆಗೆ ಕಂಪ್ಯೂಟರಿನ ಮೌಸ್‌ಗೆ ಕುಂಕುಮ ಇಡುವಾಗ ಕೈ ನಡುಗಿತು. ಮೊಳೆ ಜೋಡಿಸುತ್ತಿದ್ದ ಹಿರಿಯರು ಒಂದು 'ಳ' ಮೊಳೆಯನ್ನು ಜೇಬಿಗೆ ಹಾಕಿಕೊಂಡಿದ್ದರಂತೆ. ನಿವೃತ್ತಿಯ ದಿನ ಅದನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಏನೂ ಹೇಳಲಿಲ್ಲ. ಈ ಉತ್ತರ ಬರೆಯುವಾಗಲೂ ಅದು ಪಕ್ಕದಲ್ಲೇ ಇದೆ.

ಉತ್ತರ ಕರ್ನಾಟಕದಲ್ಲಿ ಸೀರೆ ಹರಿದರೆ ಕೌದಿ ಹೊಲಿಯುತ್ತಾರೆ. ನಮ್ಮ ಬೀದಿಗೆ ಕಲಾಯಿಯವರು ಬರುತ್ತಿದ್ದರು, ಕೊಡೆ ರಿಪೇರಿಯವರು ಬರುತ್ತಿದ್ದರು. ಈಗ ಯಾರೂ ಬರುವುದಿಲ್ಲ. ಕಳೆದ ವರ್ಷ ನನ್ನ ಫೋನಿನ ಬ್ಯಾಟರಿ ಸೊರಗಿತು. ಅಂಗಡಿಗೆ ಒಯ್ದೆ. ಅಂಟು ಹಾಕಿ ಮುಚ್ಚಿದ್ದಾರೆ, ಬಿಸಿ ಮಾಡಿ ತೆಗೀಬೇಕು, ಒಡೆದರೆ ನಾವು ಜವಾಬ್ದಾರರಲ್ಲ, ಹೊಸದೇ ತಗೊಳ್ಳಿ ಸಾರ್ ಅಂದರು. ನಿಮ್ಮ 1100ರ ಬ್ಯಾಟರಿಯನ್ನು ಹೆಬ್ಬೆರಳಿನ ಉಗುರಿನಲ್ಲಿ ತೆಗೆಯಬಹುದು! ಯುರೋಪಿನವರು ಈಗ ಎಚ್ಚೆತ್ತಿದ್ದಾರೆ. 2027ರ ಫೆಬ್ರವರಿಯಿಂದ ಅಲ್ಲಿ, ಕೆಲವು ವಿನಾಯಿತಿ ಬಿಟ್ಟರೆ, ಬಳಸುವವರೇ ಬ್ಯಾಟರಿ ಬದಲಿಸುವಂತೆ ಸಾಧನಗಳನ್ನು ಮಾಡಬೇಕು. ನಮ್ಮಲ್ಲೂ ಕೊಂಡದ್ದನ್ನು ರಿಪೇರಿ ಮಾಡಿಸಿಕೊಳ್ಳುವ ಹಕ್ಕಿಗೆಂದು 2022ರ ಕೊನೆಯಲ್ಲಿ ಕೇಂದ್ರ ಸರ್ಕಾರ ಒಂದು ಪೋರ್ಟಲ್ ತೆರೆಯಿತು. ಪೋರ್ಟಲ್ ತೆರೆಯಿತು, ಫೋನು ತೆರೆಯಲಿಲ್ಲ. ಅದೇ ವರ್ಷ ಪ್ರಪಂಚದಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಬಿತ್ತು. ಸರಿಯಾದ ದಾರಿಯಲ್ಲಿ ಮರುಬಳಕೆಗೆ ಹೋದದ್ದು ಅದರ ಕಾಲು ಭಾಗವೂ ಇಲ್ಲ. ಹಾಗಿದ್ದೂ ಬೈಸಿಕೊಳ್ಳುವವರು ಡ್ರಾದಲ್ಲೊಂದು ಫೋನಿಟ್ಟ ನೀವು.

ಎಲ್ಲಿಂದ ಎಲ್ಲಿಗೋ ಬಂದೆ. ಓದುಗರಿಗೆ ನನ್ನ ಈ ಚಾಳಿ ಗೊತ್ತೇ ಇದೆ.

ನಿಮ್ಮ ಫೋನಿಗೆ ಬರೋಣ. ಇವತ್ತೇ ಬ್ಯಾಟರಿ ತೆಗೆದು ಬೇರೆ ಇಡಿ. ವರ್ಷಗಟ್ಟಲೆ ಒಳಗೇ ಬಿಟ್ಟರೆ ಅದು ಊದಿಕೊಂಡು ಫೋನನ್ನು ಕೆಡಿಸಬಹುದು. ತೆಗೆದರೆ ಮೆಸೇಜ್ ಹೋಗುವುದಿಲ್ಲ, ಮತ್ತೆ ಹಾಕಿದಾಗ ಟೈಮ್ ಕೇಳುತ್ತದೆ ಅಷ್ಟೇ. ಈಗಾಗಲೇ ಊದಿದ್ದರೆ ಅದನ್ನು ಚಾರ್ಜಿಗೆ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಟ್ಟುಬಿಡಿ. ಬಿಎಲ್-5ಸಿ ಅಂತ ಕೇಳಿದರೆ ಸಣ್ಣ ಅಂಗಡಿಗಳಲ್ಲಿ ಹೊಸದು ಸಿಗುತ್ತದೆ. ಓದಲು ಹೋದಾಗ ಫೋನು ಸಿಮ್ ಕೇಳಬಹುದು. ಹೊಸ ಸಿಮ್ ಚಿಕ್ಕದು, ಹಳೆಯ ಗೂಡಿಗೆ ಕೂರುವುದಿಲ್ಲ. ಅದಕ್ಕೊಂದು ಪ್ಲಾಸ್ಟಿಕ್ ಚೌಕಟ್ಟು ಬರುತ್ತದೆ, ಮಗನಿಗೆ ತರಲು ಹೇಳಿ. ಅಷ್ಟಾದರೂ ಓಡಾಡಲಿ.

ಡ್ರಾ ಒಳ್ಳೆಯ ಜಾಗವೇ. ಹೊಲಿಗೆ ಮಷೀನಿಗೆ ಹೇಗೂ ಆಯುಧ ಪೂಜೆ ಮಾಡುತ್ತೀರಿ. ಈ ಸಲ ಫೋನಿಗೂ ಒಂದು ಹೂವು ಇಡಿ.

ಇನ್ನೊಂದು ಕೆಲಸ, ನೀವು ಟೀಚರ್ ಆದ್ದರಿಂದ ಹೇಳುತ್ತಿದ್ದೇನೆ. ಆ ಹನ್ನೊಂದನ್ನೂ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ, ತಾರೀಖು ಮತ್ತು ಗಂಟೆ ಸಮೇತ. ಅವರು ಬರೆದ ಅಕ್ಷರಗಳಲ್ಲೇ ಬರೆಯಿರಿ. ಸ್ಪೆಲ್ಲಿಂಗ್ ಮಾತ್ರ ತಿದ್ದಬೇಡಿ.