ಬಾಯಿ ಹುಣ್ಣು ಮಾಯಲು ಇಮ್ಯುನಿಟಿ ಹೆಚ್ಚಿಸಬೇಕಾ?

ಓದುಗರ ಪತ್ರ: ನಮ್ಮ ತಂದೆಗೆ ಕೆನ್ನೆಯ ಒಳಭಾಗದ ಕ್ಯಾನ್ಸರ್. ಆಪರೇಷನ್ ಆಗಿದೆ. ಈಗ ರೇಡಿಯೇಷನ್ ಕೊಡಿಸುತ್ತಿದ್ದೇವೆ, ನಾಲ್ಕನೇ ವಾರ. ಜೊತೆಗೆ ವಾರಕ್ಕೊಂದು ಕೀಮೋ. ಬಾಯಿ ತುಂಬಾ ಹುಣ್ಣು, ನೀರು ನುಂಗುವುದೂ ಕಷ್ಟ. ಇಮ್ಯುನಿಟಿ ಬಿದ್ದುಹೋಗಿದೆ, ಅದಕ್ಕೇ ಹುಣ್ಣು ಎಂದು ನೆಂಟರು ವಿಟಮಿನ್ ಮಾತ್ರೆ, ಅಮೃತಬಳ್ಳಿ ಕಷಾಯ, ಯಾವುದೋ ಪುಡಿ ತಂದುಕೊಡುತ್ತಿದ್ದಾರೆ. ಒಂದು ವಾರ ರೇಡಿಯೇಷನ್ ಬಿಟ್ಟು, ಹುಣ್ಣು ಮಾಯ್ದ ಮೇಲೆ ಮುಂದುವರಿಸೋಣ ಅಂತ ಅಪ್ಪ ಹಟ ಹಿಡಿದಿದ್ದಾರೆ. ಏನು ಮಾಡೋದು? – ಹೆಸರು ಬೇಡವೆಂದ ಓದುಗರು, ಹಾಸನ ಜಿಲ್ಲೆ

ಸಂಪಾದಕರ ಉತ್ತರ:

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಯಾಕೆಂದರೆ ಅದಕ್ಕೆ ಸಮಯ ಇಲ್ಲ. ನೀವಾಗಿಯೇ ರೇಡಿಯೇಷನ್ ನಿಲ್ಲಿಸಬೇಡಿ. ತಲೆ-ಕುತ್ತಿಗೆ ಭಾಗದ ಕ್ಯಾನ್ಸರ್‌ನಲ್ಲಿ ಚಿಕಿತ್ಸೆ ಶುರುವಾಗಿ ಮೂರು-ನಾಲ್ಕು ವಾರ ಕಳೆದ ಮೇಲೆ, ಉಳಿದುಕೊಂಡ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ವೇಗವಾಗಿ ಬೆಳೆಯತೊಡಗುತ್ತವೆ. ಅಂದರೆ ಬಾಯಿ ತೀರಾ ಕೆಟ್ಟಿರುವ ಈ ಹೊತ್ತೇ ಬಿಡುವು ಕೊಡಬಾರದ ಹೊತ್ತು. ಒಂದೊಂದು ದಿನ ತಪ್ಪಿದಾಗಲೂ ಕಾಯಿಲೆ ಹಿಡಿತಕ್ಕೆ ಬರುವ ಸಾಧ್ಯತೆ ಸುಮಾರು ಶೇ 1ರಷ್ಟು ತಗ್ಗುತ್ತದೆ ಎನ್ನುವುದು ತಜ್ಞರ ಅಂದಾಜು. ಒಂದು ವಾರ ಬಿಟ್ಟರೆ ಎಷ್ಟು ಕಳೆದುಕೊಳ್ಳುತ್ತೀರಿ, ನೀವೇ ಲೆಕ್ಕ ಹಾಕಿ. ನಿಲ್ಲಿಸಲೇಬೇಕಾದ ಸ್ಥಿತಿ ಬಂದರೆ ಅದನ್ನು ನಿಮ್ಮ ರೇಡಿಯೇಷನ್ ಡಾಕ್ಟರೇ ಹೇಳಬೇಕು. ತಂದೆಗೆ ಇದನ್ನು ಮುಚ್ಚಿಡದೆ ಹೇಳಿ. ನೋವು ತಿನ್ನುತ್ತಿರುವವರು ಅವರು, ಕಾರಣ ಗೊತ್ತಾದರೆ ತಡೆದುಕೊಳ್ಳುವ ಬಲವೂ ಅವರಿಗೇ ಬರುತ್ತದೆ.

ಇನ್ನು ಇಮ್ಯುನಿಟಿ ವಿಷಯ. ನಿಮ್ಮ ನೆಂಟರ ಕಾಳಜಿ ದೊಡ್ಡದು, ಆದರೆ ಅವರು ಹೇಳುವ ಕಾರಣ ಸರಿಯಲ್ಲ. ಈ ಹುಣ್ಣು ರೋಗನಿರೋಧಕ ಶಕ್ತಿ ಬಿದ್ದುಹೋದದ್ದರಿಂದ ಬಂದದ್ದಲ್ಲ. ಅದು ಜೋರಾಗಿ ಕೆಲಸ ಮಾಡುತ್ತಿರುವುದರಿಂದಲೇ ಹುಣ್ಣು ಇಷ್ಟು ಉರಿಯುತ್ತಿದೆ, ಇಷ್ಟು ಹರಡಿದೆ.

ಬಾಯಿಯ ಒಳಪದರ ಒಂದರಿಂದ ಎರಡು ವಾರಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ. ರೇಡಿಯೇಷನ್ ಅದರ ಬುಡದಲ್ಲಿ ಒಡೆಯುತ್ತಾ ಬೆಳೆಯುವ ಕೋಶಗಳನ್ನು ಕೊಲ್ಲುತ್ತದೆ, ಹೊಸ ಪದರ ಹುಟ್ಟುವುದಿಲ್ಲ, ಅದಕ್ಕೇ ಹುಣ್ಣು ಎಂದು ಬಹಳ ಕಾಲ ಎಲ್ಲರೂ ತಿಳಿದಿದ್ದರು. ಅದು ಅರ್ಧ ಸತ್ಯ. ಅಮೆರಿಕದ ಬಾಸ್ಟನ್‌ನ ದಂತವೈದ್ಯ ಸ್ಟೀಫನ್ ಸೋನಿಸ್ ಇದರ ಹಿಂದೆ ಬಿದ್ದು, ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಕೆನ್ನೆಯಲ್ಲಿ ಹುಣ್ಣು ಹೇಗೆ ಹುಟ್ಟುತ್ತದೆ ಎಂದು ವರ್ಷಗಟ್ಟಲೆ ಪರೀಕ್ಷಿಸಿದರು. 2004ರಲ್ಲಿ ಅವರು ಮುಂದಿಟ್ಟ ಐದು ಹಂತಗಳ ವಿವರಣೆಯನ್ನೇ ಈಗಲೂ ವೈದ್ಯರು ಬಳಸುತ್ತಾರೆ. ಅದರ ಪ್ರಕಾರ ಹುಣ್ಣು ಶುರುವಾಗುವುದು ಮೇಲ್ಪದರದಲ್ಲಿ ಮಾತ್ರ ಅಲ್ಲ, ಅದರ ಕೆಳಗಿನ ರಕ್ತನಾಳ ಮತ್ತು ಅಂಗಾಂಶದಲ್ಲೂ ಹೌದು.

ಮೊದಲ ದಿನದ ರೇಡಿಯೇಷನ್‌ನಿಂದಲೇ ಕೋಶಗಳಲ್ಲಿ ಆಮ್ಲಜನಕದ ಉಗ್ರ ಕಣಗಳು ಹುಟ್ಟುತ್ತವೆ, ಡಿಎನ್‌ಎ ತುಂಡಾಗುತ್ತದೆ. ಗಾಯವಾದ ಕೋಶಗಳಲ್ಲಿ ಎನ್‌ಎಫ್-ಕಪ್ಪಾ-ಬಿ ಎಂಬ ಸ್ವಿಚ್ ಆನ್ ಆಗುತ್ತದೆ. ಅದು ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಎಂಬ ಸಂದೇಶದ ರಾಸಾಯನಿಕಗಳನ್ನು ಹೊರಡಿಸುತ್ತದೆ. ಇವು ಉರಿಯೂತದ ಕರೆಗಳು. ಕರೆ ಕೇಳಿ ಬಿಳಿ ರಕ್ತಕಣಗಳು ರಕ್ತನಾಳದಿಂದ ಹೊರಗೆ ನುಗ್ಗುತ್ತವೆ. ತೊಂದರೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಟಿಎನ್‌ಎಫ್ ಹಿಂತಿರುಗಿ ಅದೇ ಸ್ವಿಚ್ಚನ್ನು ಮತ್ತೆ ಒತ್ತುತ್ತದೆ. ಜಾತ್ರೆಯಲ್ಲಿ ಮೈಕನ್ನು ಸ್ಪೀಕರ್ ಎದುರು ಹಿಡಿದಾಗ ಸಣ್ಣ ಸದ್ದೂ ಸುತ್ತಿ ಸುತ್ತಿ ಕಿವಿ ಸೀಳುವ ಕೂಗಾಗುತ್ತದಲ್ವಾ, ಇಲ್ಲಿ ಆಗುವುದೂ ಅದೇ. ಈ ಹೊತ್ತಿನಲ್ಲಿ ಬಾಯಿ ನೋಡಿದರೆ ಸ್ವಲ್ಪ ಕೆಂಪಗೆ ಕಾಣಬಹುದು, ಅಷ್ಟೇ. ಮೂರನೇ ವಾರದ ಹೊತ್ತಿಗೆ, ಒಟ್ಟು ಸುಮಾರು 30 ಗ್ರೇ (ರೇಡಿಯೇಷನ್ ಅಳೆಯುವ ಮಾನ) ಬಿದ್ದಾಗ, ಮೇಲ್ಪದರ ಹರಿದು ಹುಣ್ಣು ಹೊರಗೆ ಕಾಣುತ್ತದೆ.

ಹರಿದ ಜಾಗಕ್ಕೆ ಬಾಯಲ್ಲಿದ್ದ ಬ್ಯಾಕ್ಟೀರಿಯಾ ಬಂದು ಕೂರುತ್ತವೆ. ಅವುಗಳ ಚೂರುಗಳನ್ನು ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಗುರುತಿಸಿ ಇನ್ನಷ್ಟು ಟಿಎನ್‌ಎಫ್ ಸುರಿಸುತ್ತವೆ. ನೋವು ಏರುತ್ತದೆ. ಹುಣ್ಣಿನ ಮೇಲೆ ಬಿಳಿ-ಹಳದಿ ಪೊರೆ ಇದ್ದರೆ ಅದನ್ನು ಕೀವು ಎಂದುಕೊಂಡು ಉಜ್ಜಿ ತೆಗೆಯಬೇಡಿ. ಅದು ಸತ್ತ ಕೋಶ, ಬಿಳಿ ರಕ್ತಕಣ, ರಕ್ತ ಹೆಪ್ಪುಗಟ್ಟುವಾಗ ಹುಟ್ಟುವ ಫೈಬ್ರಿನ್ ಎಂಬ ನಾರು ಸೇರಿದ ಪದರ. ಕಿತ್ತರೆ ರಕ್ತ ಬರುತ್ತದೆ.

ಹಾಗಂತ ರೋಗನಿರೋಧಕ ವ್ಯವಸ್ಥೆಯನ್ನು ದೂರಬೇಡಿ. ಅದು ಪ್ರತಿ ಗಾಯಕ್ಕೂ ಹೀಗೇ ಸ್ಪಂದಿಸುತ್ತದೆ, ಆಮೇಲೆ ಅದೇ ಮಾಯಿಸುತ್ತದೆ ಕೂಡ. ಇಲ್ಲಿ ಗಾಯ ವಾರಕ್ಕೆ ಐದು ದಿನ, ಆರು-ಏಳು ವಾರ, ಮತ್ತೆ ಮತ್ತೆ ಆಗುತ್ತಿದೆ. ರಿಪೇರಿಗೆ ಪುರುಸೊತ್ತೇ ಸಿಗುವುದಿಲ್ಲ.

ಅದೇ ಹೊತ್ತಿಗೆ ಬಾಯಿಯ ಕಾವಲು ನಿಜವಾಗಿಯೂ ಕಡಿಮೆಯಾಗಿರುತ್ತದೆ, ನಿಮ್ಮ ನೆಂಟರ ಮಾತಿನಲ್ಲಿ ಅಷ್ಟು ಸತ್ಯ ಇದೆ. ಜೊಲ್ಲಿನಲ್ಲಿ ಲೈಸೋಜೈಮ್, ಲ್ಯಾಕ್ಟೋಫೆರಿನ್, ಐಜಿಎ ಎಂಬ ರಕ್ಷಕ ವಸ್ತುಗಳಿವೆ. ರೇಡಿಯೇಷನ್ ತಗುಲಿ ಜೊಲ್ಲು ಗ್ರಂಥಿಗಳು ಸೊರಗಿದಾಗ ಅವೂ ಕಡಿಮೆಯಾಗುತ್ತವೆ. ಕೀಮೋದಿಂದ ಬಿಳಿ ರಕ್ತಕಣ ಇಳಿಯಬಹುದು. ಆಗ ಕ್ಯಾಂಡಿಡಾ ಎಂಬ ಶಿಲೀಂಧ್ರ ಬಾಯಲ್ಲಿ ಬಿಳಿ ತೇಪೆಗಳಾಗಿ ಬೆಳೆಯಬಹುದು. ಅದನ್ನೂ ಹುಣ್ಣಿನ ಪೊರೆಯನ್ನೂ ಬೇರೆ ಮಾಡಿ ನೋಡಲು ಡಾಕ್ಟರ್ ಕಣ್ಣೇ ಬೇಕು. ಅದಕ್ಕೆ ಬೇರೆ ಔಷಧಿ ಇದೆ. ಉರಿಯೂತ ಜಾಸ್ತಿ, ಕಾವಲು ಕಡಿಮೆ, ಎರಡೂ ಒಂದೇ ಬಾಯಲ್ಲಿ. ಹೀಗಿರುವಾಗ ಸುಮ್ನೆ 'ಹೆಚ್ಚಿಸುವ' ಪುಡಿ ಏನನ್ನು ಹೆಚ್ಚಿಸಬೇಕು?

ಹೆಚ್ಚಿಸಿ ನೋಡಿದ್ದಾರೆ ಕೂಡ. ಬಿಳಿ ರಕ್ತಕಣ ಹೆಚ್ಚಿಸುವ ಜಿಎಂ-ಸಿಎಸ್‌ಎಫ್ ಚುಚ್ಚುಮದ್ದನ್ನು ಅಮೆರಿಕದಲ್ಲಿ ಇಂಥದೇ ರೋಗಿಗಳಿಗೆ ಕೊಟ್ಟು ನೋಡಿದರು. 2007ರಲ್ಲಿ ಬಂದ ಫಲಿತಾಂಶದಲ್ಲಿ ಹುಣ್ಣಿನ ತೀವ್ರತೆ ಗಮನಾರ್ಹವಾಗಿ ಇಳಿದಿರಲಿಲ್ಲ. ಹೆಚ್ಚಿಸುವ ಬದಲು ಉರಿಯೂತವನ್ನು ಹದಕ್ಕೆ ತರುವ ಡಸ್ಕ್ವೆಟೈಡ್ ಎಂಬ ಔಷಧಿಯೂ 2020ರ ಕೊನೆಯ ಹಂತದ ಪರೀಕ್ಷೆಯಲ್ಲಿ ಗುರಿ ಮುಟ್ಟಲಿಲ್ಲ. ಉಗ್ರ ಕಣಗಳನ್ನು ತಣಿಸುವ ಅವಸೊಪಸೆಮ್‌ಗೆ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆ ಕೊಡಲಿಲ್ಲ.

ವಿಟಮಿನ್ ಮಾತ್ರೆಗಳ ಕತೆ ಇನ್ನೂ ಗಂಭೀರ. ಕೆನಡಾದ ಕ್ವಿಬೆಕ್‌ನಲ್ಲಿ ರೇಡಿಯೇಷನ್ ಪಡೆಯುತ್ತಿದ್ದ 540 ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳಲ್ಲಿ ಕೆಲವರಿಗೆ ಹೆಚ್ಚಿನ ಪ್ರಮಾಣದ ವಿಟಮಿನ್ ಇ ಮತ್ತು ಬೀಟಾ ಕ್ಯಾರೋಟಿನ್, ಉಳಿದವರಿಗೆ ಖಾಲಿ ಮಾತ್ರೆ ಕೊಟ್ಟರು. 2005ರಲ್ಲಿ ವರದಿ ಬಂತು. ಮಾತ್ರೆ ತಿಂದವರಲ್ಲಿ ಅಡ್ಡಪರಿಣಾಮ ಕಡಿಮೆಯಾಗಿತ್ತು, ನಿಜ. ಆದರೆ ಕ್ಯಾನ್ಸರ್ ಮರುಕಳಿಸುವುದು ಅವರಲ್ಲೇ ಹೆಚ್ಚಾಗುವಂತೆ ಕಂಡಿತು. ಚಿಕಿತ್ಸೆ ವೇಳೆ ಸಿಗರೇಟು ಬಿಡದವರಲ್ಲಿ ಹಾನಿ ಇನ್ನೂ ಸ್ಪಷ್ಟವಾಗಿತ್ತು. ರೇಡಿಯೇಷನ್ ಕ್ಯಾನ್ಸರನ್ನು ಕೊಲ್ಲುವುದು ಬಹುಮಟ್ಟಿಗೆ ಅದೇ ಉಗ್ರ ಕಣಗಳಿಂದ. ಅವನ್ನು ಬಾಯಿಗಾಗಿ ತಣಿಸಿದರೆ ಗಡ್ಡೆಗೂ ತಣಿಸಿದಂತೆ. ಹಣ್ಣು, ತರಕಾರಿ, ಊಟದಲ್ಲಿ ಬರುವ ವಿಟಮಿನ್ ಬಗ್ಗೆ ಹೆದರಬೇಡಿ. ಡಬ್ಬಿಯ ಮಾತ್ರೆಗಳನ್ನು ಡಾಕ್ಟರ್ ಮುಂದೆ ಇಟ್ಟು ಕೇಳಿ. ಅಮೃತಬಳ್ಳಿ ಈಗ ಬೇಡ. ಕೋವಿಡ್ ಕಾಲದಲ್ಲಿ ಅದನ್ನು ಇಮ್ಯುನಿಟಿಗೆಂದು ಕುಡಿದ ಕೆಲವರಿಗೆ ಲಿವರ್ ಕೆಟ್ಟದ್ದನ್ನು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದ್ದಾರೆ. ಕೀಮೋ ನಡೆಯುವಾಗ ಲಿವರ್ ಮೇಲೆ ಇನ್ನೊಂದು ಹೊರೆ ಯಾಕೆ? ಹೆಸರಿಲ್ಲದ ಪುಡಿಯನ್ನಂತೂ ಮುಟ್ಟಬೇಡಿ.

ಮನೆಮದ್ದೆಲ್ಲಾ ಸುಳ್ಳು ಎಂದು ನಾನು ಹೇಳುತ್ತಿಲ್ಲ. 2014ರಲ್ಲಿ ಮಂಗಳೂರಿನ ತಂಡವೊಂದು ಅರಿಶಿನದ ನೀರಿನಿಂದ ಬಾಯಿ ಮುಕ್ಕಳಿಸಿದವರನ್ನು ಪೊವಿಡೋನ್ ಅಯೋಡಿನ್ ಎಂಬ ಕ್ರಿಮಿನಾಶಕ ದ್ರಾವಣ ಬಳಸಿದವರ ಜೊತೆ ಹೋಲಿಸಿ ನೋಡಿತು. ಒಟ್ಟು 80 ರೋಗಿಗಳು. ಅರಿಶಿನ ಬಳಸಿದವರಲ್ಲಿ ಹುಣ್ಣು ತಡವಾಗಿ ಬಂತು, ತೀವ್ರತೆಯೂ ಕಡಿಮೆ ಇತ್ತು. ಅರಿಶಿನದ ಕರ್ಕ್ಯುಮಿನ್ ಮೇಲೆ ಹೇಳಿದ ಆ ಸ್ವಿಚ್ಚನ್ನೇ ಅದುಮುತ್ತದೆ ಎಂದು ಲ್ಯಾಬ್‌ಗಳಲ್ಲಿ ಕಂಡಿದೆ. ಇದು ಚಿಕ್ಕ ಅಧ್ಯಯನ, ಆದರೂ ನಮ್ಮಲ್ಲೇ ನಡೆದ ಒಳ್ಳೆಯ ಕೆಲಸ. ಮುಕ್ಕಳಿಸಿ ಉಗುಳುವುದು ಬೇರೆ, ಕರ್ಕ್ಯುಮಿನ್ ಮಾತ್ರೆ ನುಂಗುವುದು ಬೇರೆ. ಇದನ್ನೂ ಡಾಕ್ಟರನ್ನು ಕೇಳಿಯೇ ಮಾಡಿ.

ಈಗ ಕೈಲಾಗುವ ಕೆಲಸ. ಉಗುರುಬೆಚ್ಚನೆಯ ನೀರಿಗೆ ಸ್ವಲ್ಪ ಉಪ್ಪು, ಸ್ವಲ್ಪ ಅಡುಗೆ ಸೋಡಾ ಹಾಕಿ ದಿನಕ್ಕೆ ಹಲವು ಸಲ ಮುಕ್ಕಳಿಸಲಿ. ಬ್ರಷ್ ತೀರಾ ಮೆತ್ತಗಿರಲಿ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ. ನೋವು, ಉರಿಯೂತ ತಗ್ಗಿಸುವ ಬೆಂಜಿಡಮೈನ್ ಮೌತ್‌ವಾಶ್ ಮತ್ತು ಕಡಿಮೆ ಶಕ್ತಿಯ ಲೇಸರ್ ಚಿಕಿತ್ಸೆಗೆ ಅಂತರರಾಷ್ಟ್ರೀಯ ತಜ್ಞರ ಮಾರ್ಗಸೂಚಿಯ ಬೆಂಬಲ ಇದೆ. ಮುಖ್ಯವಾಗಿ ಹುಣ್ಣು ತಡೆಯಲು ಅವನ್ನು ಬಳಸುತ್ತಾರೆ. ನಿಮ್ಮ ಆಸ್ಪತ್ರೆಯಲ್ಲಿ ಸಿಗುತ್ತದಾ, ಈಗಲೂ ಪ್ರಯೋಜನ ಇದೆಯಾ ಎಂದು ವಿಚಾರಿಸಿ. ಊಟಕ್ಕೆ ಅರ್ಧ ಗಂಟೆ ಮೊದಲು ನೋವಿನ ಔಷಧಿ ಕೊಡುವ ಬಗ್ಗೆ ಕೇಳಿ. ಡಾಕ್ಟರ್ ಮಾರ್ಫಿನ್ ಬರೆದರೆ ಚಟ ಹತ್ತುತ್ತದೆ ಎಂದು ಹೆದರಿ ಬಚ್ಚಿಡಬೇಡಿ. ಈ ಮಟ್ಟದ ನೋವಿಗೇ ಅದು ಇರುವುದು.

ಆರಿದ ರಾಗಿ ಅಂಬಲಿ, ತುಪ್ಪ ಹಾಕಿದ ತೆಳು ಗಂಜಿ, ನುಣ್ಣಗೆ ಮಾಡಿದ ಮೊಸರನ್ನ, ಬೇಳೆಕಟ್ಟು ಕೊಡಿ. ಖಾರ, ಹುಳಿ, ಬಿಸಿ ಬೇಡ. ತೂಕ ವಾರಕ್ಕೊಮ್ಮೆ ನೋಡಿ. ಇಳಿಯುತ್ತಲೇ ಹೋದರೆ ಮೂಗಿನ ಟ್ಯೂಬ್ ಹಾಕುತ್ತೇವೆ ಅಂತಾರೆ. ಬಹಳ ಜನ ಅದನ್ನು ಸೋಲು ಎಂದುಕೊಂಡು ಬೇಡ ಅನ್ನುತ್ತಾರೆ. ದಯವಿಟ್ಟು ಒಪ್ಪಿಕೊಳ್ಳಿ, ಆ ಟ್ಯೂಬ್ ಇದ್ದರೆ ರೇಡಿಯೇಷನ್ ತಪ್ಪದೆ ಮುಗಿಸಲು ಸುಲಭ. ತಂಬಾಕು, ಅಡಿಕೆ ಪೂರ್ತಿ ಬಿಟ್ಟಿರಲಿ.

ಜ್ವರ 100.4 ಡಿಗ್ರಿ ಮುಟ್ಟಿದರೆ ಕಾಯಬೇಡಿ. ಕೀಮೋ ನಡೆಯುವಾಗ ಹುಣ್ಣಿನ ಮೂಲಕ ಬ್ಯಾಕ್ಟೀರಿಯಾ ರಕ್ತಕ್ಕೆ ಹೋಗಬಹುದು. ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ನೀರೇ ಇಳಿಯದಿದ್ದರೂ ಅಷ್ಟೇ.

ಒಂದು ವಿಷಯ ತಂದೆಗೆ ಮುಂಚೆಯೇ ಹೇಳಿಡಿ. ಕೊನೆಯ ರೇಡಿಯೇಷನ್ ಮುಗಿದ ಮರುದಿನ ಬಾಯಿ ಸರಿಹೋಗುವುದಿಲ್ಲ. ಇನ್ನೂ ಒಂದೆರಡು ವಾರ ಹೀಗೇ ಇರಬಹುದು, ಸ್ವಲ್ಪ ಹೆಚ್ಚೂ ಆಗಬಹುದು. ಆಮೇಲೆ ಹೊಸ ಪದರ ಅಂಚಿನಿಂದ ಒಳಕ್ಕೆ ಬೆಳೆಯುತ್ತದೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಮಾಯುತ್ತದೆ, ಕೀಮೋ ಜೊತೆಗಿದ್ದವರಿಗೆ ಇನ್ನೂ ಸ್ವಲ್ಪ ತಡ. ಬಾಯಿ ಒಣಗುವುದು ಮಾತ್ರ ತಿಂಗಳುಗಟ್ಟಲೆ ಉಳಿಯಬಹುದು. ಅದರಿಂದ ಹಲ್ಲು ಬೇಗ ಹುಳುಕಾಗುತ್ತದೆ. ಚಿಕಿತ್ಸೆ ಮುಗಿದ ಮೇಲೆ ಹಲ್ಲು ಕೀಳಿಸುವ ಮಾತು ಬಂದರೆ, ರೇಡಿಯೇಷನ್ ಆಗಿದೆ ಎಂದು ದಂತವೈದ್ಯರಿಗೆ ಮೊದಲೇ ತಿಳಿಸಿ.