ಬೀಗದ ಕೈ ಅಕ್ಕಿ ಡಬ್ಬಿಯಲ್ಲಿ

ಮಡಿಕೇರಿ ತಾಲ್ಲೂಕಿನ ಕಾಫಿ ಬೆಳೆಗಾರ, ಐವತ್ತು ದಾಟಿದವರು. ಗುರುತು ಹತ್ತದಂತೆ ವಿವರ ಬದಲಿಸಿದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ತೋಟದ ಒಂದು ಮಗ್ಗುಲೇ ಹೋಗಿತ್ತು, ಉಳಿದದ್ದರ ಮೇಲೆ ಸಾಲ. ನಿದ್ದೆಯಿಲ್ಲ, ಕುಡಿತ ಹೆಚ್ಚಾಗಿದೆ ಎಂದು ಹೆಂಡತಿ ಆಪ್ತಸಮಾಲೋಚನೆಗೆ ಕರೆತಂದರು. "ಈ ವಾರ ಪರವಾಗಿಲ್ಲ, ಶಾಂತವಾಗಿದ್ದಾರೆ. ನಾಯೀನ ಅಣ್ಣನ ಮಗನಿಗೆ ಕೊಟ್ಟರು, ಆರ್‌ಟಿಸಿ, ಪಾಸ್‌ಬುಕ್ ಎಲ್ಲ ಒಂದೇ ಕವರಿಗೆ ಹಾಕಿಟ್ಟರು" ಎಂದೂ ಸೇರಿಸಿದರು. ಹೆದರಬೇಕಾದದ್ದು ಈ ಶಾಂತಿಗೇ: ಸಾಯಲು ನಿರ್ಧರಿಸಿದವರು ಕೆಲವೊಮ್ಮೆ ಹೀಗೆ ಎಲ್ಲ ಒಪ್ಪ ಮಾಡಿ ಶಾಂತರಾಗುತ್ತಾರೆ.

ಅವರೊಬ್ಬರನ್ನೇ ಕೂರಿಸಿ ನೇರವಾಗಿ ಕೇಳಿದ್ದಾಯಿತು: "ಸಾಯಬೇಕು ಅನ್ನಿಸ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. "ಹಾಗೇನೂ ಮಾಡ್ಕೊಳ್ಳಲ್ಲ ತಾನೆ?" ಎಂದರೆ ಮಾತ್ರ ಕೆಡುತ್ತದೆ, "ಇಲ್ಲ" ಎಂಬ ಉತ್ತರವನ್ನು ನಾವೇ ಬಾಯಿಗಿಟ್ಟಂತೆ. ಟೊಪ್ಪಿಯ ಅಂಚು ತಿರುವುತ್ತ ಕೂತವರು ಹೌದೆಂದರು. ಮನೆಯಲ್ಲಿ ಕೋವಿ ಇತ್ತು.

ಅಂದೇ ಮನೋವೈದ್ಯರಲ್ಲಿಗೆ ಕಳಿಸಿ, ರಾತ್ರಿ ಒಬ್ಬರು ಜೊತೆಗಿರಬೇಕು ಎಂದು ಹೇಳಿದ್ದಾಯಿತು. ಪೊಲೀಸ್ ಕೇಸಾಗುತ್ತದೆಂದು ಮನೆಯವರು ಅಂಜಿದ್ದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರನ್ನೂ, ಬೇರೆ ರೀತಿ ಸಾಬೀತಾಗದ ಹೊರತು, ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ.

ಕಷ್ಟವಾದದ್ದು ಕೋವಿ. ಕೊಡವರ ಮನೆಯಲ್ಲಿ ಅದನ್ನು ಕಿತ್ತುಕೊಂಡರೆ ಮಾನವನ್ನೇ ಕಿತ್ತುಕೊಂಡಂತೆ. "ಬೀರುವಿಗೆ ಬೀಗ ಹಾಕಿ ಕೈಯನ್ನು ಅಕ್ಕಿ ಡಬ್ಬಿಯಲ್ಲಿಟ್ಟಿದ್ದೇವೆ" ಎಂದರು ಮನೆಯವರು. ಮೂವತ್ತು ವರ್ಷದ ಸಂಸಾರದಲ್ಲಿ ಆ ಡಬ್ಬಿ ಯಾರಿಗೆ ಗೊತ್ತಿಲ್ಲ! ಸಾಯುವ ತುಡಿತದ ತೀವ್ರತೆ ಎಷ್ಟೋ ಸಲ ಕೆಲವು ನಿಮಿಷ, ಕೆಲವು ಗಂಟೆಯದು. ಅದು ಇಳಿಯುವ ತನಕ ಸಾಧನ ಕೈಗೆ ಸಿಗಬಾರದು. "ನಿದ್ದೆ ಸರಿಹೋಗುವ ತನಕ" ಎಂದು ಅವರನ್ನೇ ಒಪ್ಪಿಸಿ, ಠಾಣೆಗೆ ತಿಳಿಸಿ, ಕೋವಿಯನ್ನು ಕುಲದ ಮೂಲಮನೆಯಾದ ಐನ್‌ಮನೆಯ ಹಿರಿಯರ ವಶಕ್ಕೆ ಕೊಡಿಸಲಾಯಿತು. ತೋಟಾ, ಅಂದರೆ ಕೋವಿಯ ಗುಂಡು, ಬೇರೊಂದು ಮನೆಗೆ. ತೋಟಕ್ಕೆ ಹೊಡೆಯುವ ವಿಷದ ಔಷಧಿಯೂ ಅಷ್ಟೆ: ಆಯಾ ದಿನಕ್ಕೆ ಬೇಕಾದಷ್ಟೇ ತೋಟದ ರೈಟರ್ (ಮೇಲ್ವಿಚಾರಕ) ತರಬೇಕು, ಮನೆಯಲ್ಲಿ ಉಳಿಸಬಾರದು.

ಬಳಿಕ, ತುಡಿತ ಮತ್ತೆ ಬಂದರೆ ಏನು ಮಾಡಬೇಕೆಂಬ ಒಂದು ಹಾಳೆ, ಅವರದೇ ಅಕ್ಷರದಲ್ಲಿ. ಮೊದಲ ಸೂಚನೆ: ಎರಡು ಗಂಟೆಗೆ ಎಚ್ಚರ, ಹಂಚಿನ ಮೇಲೆ ಮಳೆ. ಆಗ ದೀಪ ಹಾಕಿ, ಹೆಂಡತಿಯನ್ನು ಎಬ್ಬಿಸುವುದು. ಆಮೇಲೆ ಭಾವನಿಗೆ ಫೋನ್, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆದರೆ ಮಳೆಗಾಲದಲ್ಲಿ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ. ಹಾಗಾಗಿ ನಡೆದು ತಲುಪಬಹುದಾದ ಪಕ್ಕದ ತೋಟದವರ ಹೆಸರನ್ನೂ, ಅವರನ್ನು ಕೇಳಿಯೇ, ಬರೆಸಲಾಯಿತು. ಕುಡಿತ ಹಿಡಿತ ತಪ್ಪಿಸುತ್ತದೆ. ಆದರೆ ದಿನವೂ ಕುಡಿಯುವವರು ಏಕಾಏಕಿ ಬಿಡುವುದೂ ಅಪಾಯ, ಅದನ್ನು ವೈದ್ಯರಿಗೇ ಬಿಟ್ಟಿದ್ದಾಯಿತು.

ಮನೋವೈದ್ಯರು ಕೊಟ್ಟ ಖಿನ್ನತೆಯ ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಕೆಲವರಿಗೆ ಮನಸ್ಸಿಗಿಂತ ಮೊದಲು ಮೈಗೆ ಚೈತನ್ಯ ಬರುತ್ತದೆ, ಸಾಯುವ ಯೋಚನೆ ಇನ್ನೂ ಇರುತ್ತದೆ, ಮನೆಯವರು ಸಡಿಲ ಬಿಡುವುದೂ ಆಗಲೇ. ಆದ್ದರಿಂದ ವಾರಕ್ಕೊಮ್ಮೆ ಭೇಟಿ.

ಸೆಪ್ಟೆಂಬರ್‌ನಲ್ಲಿ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿ ಬೇಕೆಂದರು. ಪೂಜೆ ಐನ್‌ಮನೆಯಲ್ಲೇ ಆಗಲಿ ಎಂದು ಸಲಹೆ ಕೊಟ್ಟಿದ್ದಾಯಿತು. ಹೋಗಿ, ನಳಿಗೆಗೆ ಹಬ್ಬದ ಹೂವಾದ ತೋಕ್‌ಪೂ ಸಿಕ್ಕಿಸಿ, ಊಟ ಮುಗಿಸಿ ಬಂದರು. ಕೋವಿ ಅಲ್ಲೇ ಇದೆ.